ತೊಳೆದ ಲೋಟ

"ತೊಳೆದುಬಿಟ್ಟಿದಾನೆ ಮೇಡಂ," ಎಂದ ಚೀಫ್ ಫಾಂಟೆನೊ. ಬಿಳಿ ಪಿಂಗಾಣಿ ಲೋಟವೊಂದನ್ನು ಕೊಲೆಯ ಸಾಕ್ಷಿ ಇಡುವವನ ಹಾಗೆ ಕರ್ನಲ್ ಟ್ರೆವಿನೊಳ ಮೇಜಿನ ಮೇಲಿಟ್ಟ. "ಒಳಗೆ ನೋಡಿ. ಹೇಗೆ ಫಳಫಳ ಅಂತಿದೆ."

ಯೊಲಾಂಡಾ ಟ್ರೆವಿನೊ ಬಗ್ಗಿ ನೋಡಿದಳು. ಫಳಫಳ ಅನ್ನುತ್ತಿದ್ದುದು ನಿಜ. ನೌಕಾಪಡೆಯ ಚೀಫುಗಳು ತಮ್ಮ ಕಾಫಿ ಲೋಟ ತೊಳೆಯುವುದಿಲ್ಲ. ಒಳಗೆ ಕರಿ ಎಷ್ಟು ದಪ್ಪ ಕಟ್ಟಿದೆಯೋ ಆ ಮನುಷ್ಯ ಅಷ್ಟು ಸಮುದ್ರ ಕಂಡವನು ಎಂದು ಅವರ ಲೆಕ್ಕ. ಫಾಂಟೆನೊನ ಲೋಟದಲ್ಲಿ ಮೂರು ಹಡಗುಗಳ ಕರಿ ಇತ್ತು. ವಾಯುಪಡೆಯ ಸಾರ್ಜೆಂಟ್ ಲಿಂಡ್‌ಕ್ವಿಸ್ಟ್ ಅದನ್ನು ಕಂಡು, ಪಾಪ ಚೀಫ್‌ಗೆ ಪುರುಸೊತ್ತಿಲ್ಲವೇನೋ ಅಂದುಕೊಂಡು, ಸೋಡಾಪುಡಿ ಹಾಕಿ ಗಸಗಸ ಉಜ್ಜಿ ಬೋರಲು ಹಾಕಿದ್ದ.

"ಅವರು ಕ್ಷಮೆ ಕೇಳಿದರಾ?"

"ಕೇಳಿದ ಮೇಡಂ. ಅದಕ್ಕೇ ಇನ್ನೂ ಉರೀತಿರೋದು. 'ಮುಂದೆಯೂ ಬೇಕಾದರೆ ಹೇಳಿ ಚೀಫ್, ತೊಳೆದುಕೊಡ್ತೀನಿ' ಅಂತಾನೆ."

"ಚೀಫ್, ನಾಲ್ಕೂ ಪಡೆಯವರು ಒಟ್ಟಿಗೆ ಕೂತು ಕಲೀಲಿ ಅಂತ ಈ ಶಾಲೆ ಮಾಡಿರೋದು. ನೀವು ಕಲಿಸೋರೇ ಲೋಟಕ್ಕೆ ಜಗಳ ಆಡ್ತೀರಾ?"

"ಜಗಳ ಎಲ್ಲಿ ಆಡಿದೆ ಮೇಡಂ? ಮಾತು ಬಿಟ್ಟಿದೀನಿ ಅಷ್ಟೆ."

ಆ ಮಾತನ್ನು ಅವಳು ಅಲ್ಲೇ ಹಿಡಿದು ಕೇಳಬೇಕಿತ್ತು. ಆದರೆ ಬಾಗಿಲಲ್ಲಿ ಮರೀನ್ ಪಡೆಯ ಗನ್ನರಿ ಸಾರ್ಜೆಂಟ್ ಟುಲೀ, ಎಲ್ಲರ ಬಾಯಲ್ಲಿ ಬರೀ 'ಗನ್ನಿ', ಆಗಲೇ ನಿಂತಿದ್ದ. ವಾಯುಪಡೆಯವರ ಕುರ್ಚಿಗಳಿಗೆ ಮೆತ್ತೆ ಇದೆ, ತನ್ನ ಹುಡುಗರು ಅವುಗಳ ಮೇಲೆ ಕೂತು ಮೆತ್ತಗಾಗುತ್ತಿದ್ದಾರೆ ಎಂಬುದು ಅವನ ಅಂದಿನ ದೂರು. ನಾಲ್ಕು ಪಡೆಗಳನ್ನು ಒಂದು ಸೂರಿನಡಿ ತಂದು ಬೇಹು ಕಲಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಒಂದನ್ನು ಕೂರಿಸಿದರೆ ಇನ್ನೊಂದು ಹಾರುತ್ತದೆ. ಒಂದೇ ಪಡಸಾಲೆಯಲ್ಲಿ ನಾಲ್ಕು ಕಾಫಿ ಯಂತ್ರಗಳಿದ್ದವು, ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಟ್ರೆವಿನೊ ಭೂಸೇನೆಯವಳು. ಹೀಗಾಗಿ ಅವಳು ಏನು ತೀರ್ಮಾನಿಸಿದರೂ ಉಳಿದ ಮೂವರು 'ಭೂಸೇನೆಯ ಬುದ್ಧಿ' ಎಂದು ಗೊಣಗುತ್ತಿದ್ದರು.

ಶಾಲೆ ಇದ್ದದ್ದು ಟೆಕ್ಸಸ್ಸಿನ ಪಶ್ಚಿಮದ ಬಟ್ಟಬಯಲಿನಲ್ಲಿ. ಸಮುದ್ರ ನೋಡಬೇಕೆಂದರೆ ಒಂದು ಹಗಲು ಕಾರು ಓಡಿಸಬೇಕು. ಅಂಥ ಕಡೆ ಧೂಳು ನುಂಗುತ್ತ ಉಬ್ಬರ ಇಳಿತದ ಪಾಠ ಹೇಳುವುದು ಫಾಂಟೆನೊನ ಪಾಲಿಗೆ ಬಂದ ಕರ್ಮ. ಆ ವಸಂತದಲ್ಲಿ ಶಾಲೆಗೇ ಇನ್ನೊಂದು ಕರ್ಮ ತಗುಲಿಕೊಂಡಿತ್ತು. ಜಂಟಿ ಶಾಲೆ ಮುಂದುವರಿಯಬೇಕೋ, ಪ್ರತಿ ಪಡೆಯೂ ತನ್ನವರನ್ನು ತನ್ನ ಊರಿಗೇ ಕರೆದುಕೊಂಡು ಹೋಗಬೇಕೋ ಎಂದು ನೋಡಲು ವಾಷಿಂಗ್ಟನ್ನಿನಿಂದ ಜನರಲ್ ಹ್ಯಾವರ್‌ಕ್ಯಾಂಪ್ ಬರುವವರಿದ್ದರು. ಮುಚ್ಚಲು ನೆಪ ಹುಡುಕುವವರು ನಾಲ್ಕೂ ಕಡೆ ಇದ್ದರು. ಉಳಿಯಬೇಕು ಎನ್ನುವವಳು ಟ್ರೆವಿನೊ ಒಬ್ಬಳೇ. ಗಂಡನ ಮಾತು ಕೇಳದೆ, ಬಡ್ತಿ ಬಿಟ್ಟುಕೊಟ್ಟು, ಕಾಗದದ ಮೇಲಿದ್ದ ಶಾಲೆಯನ್ನು ಇಟ್ಟಿಗೆಗೆ ಇಳಿಸಿದವಳು ಅವಳು.

ಜನರಲ್ ಬರುವ ವಾರಕ್ಕೆ ಸರಿಹೋಗಲೆಂದು ಕೊನೆಯ ಪರೀಕ್ಷೆಯ ತಾರೀಖನ್ನು ಒಂದು ವಾರ ಮುಂದೆ ಹಾಕಿದರು. ತಾರೀಖು ಬದಲಾಗಿದ್ದನ್ನು ಲಿಂಡ್‌ಕ್ವಿಸ್ಟ್ ಫಲಕಕ್ಕೆ ಅಂಟಿಸಿದ. ಫಾಂಟೆನೊ ಓದಿಕೊಂಡ. ಇಬ್ಬರೂ ಅಕ್ಕಪಕ್ಕ ನಿಂತಿದ್ದರೂ ಮಾತಾಡಲಿಲ್ಲ.

ಪರೀಕ್ಷೆ ನಡೆಯುವುದು ಇಲ್ಲದ ದೇಶವೊಂದರ ಮೇಲೆ. ಪರೀಕ್ಷೆಯ ತಾರೀಖೇ ಆ ಕಥೆಯ ತಾರೀಖು, ಹಿಂದೆಲ್ಲ ಅದು ಹುಣ್ಣಿಮೆಗೇ ಬೀಳುತ್ತಿತ್ತು. ಸಂಜೆಗೆ ಶತ್ರುವಿನ ಲಾರಿಗಳು ಒಂದು ದ್ವೀಪದಲ್ಲಿರುತ್ತವೆ. ದ್ವೀಪದಿಂದ ಬಂದರಿಗೆ ಇರುವುದು ಒಂದೇ ತಗ್ಗು ರಸ್ತೆ. ಅಲ್ಲಿ ದಿನಕ್ಕೆ ಒಂದೇ ಇಳಿತ, ಒಂದೇ ಉಬ್ಬರ. ರಸ್ತೆ ಇಳಿತದಲ್ಲಿ ಮೇಲೇಳುತ್ತದೆ, ಉಬ್ಬರದಲ್ಲಿ ಮುಳುಗುತ್ತದೆ. ಲಾರಿಗಳ ಸುದ್ದಿ ಭೂಸೇನೆಯದು, ಮೇಲಿನಿಂದ ತೆಗೆದ ಚಿತ್ರಗಳು ವಾಯುಪಡೆಯವು, ಕೊನೆಯ ಹಾಳೆಯಲ್ಲಿ ನೌಕಾಪಡೆಯವರ ಸಮುದ್ರ. ಎಲ್ಲವನ್ನೂ ಒಂದು ಕಟ್ಟು ಮಾಡುವವನು ಲಿಂಡ್‌ಕ್ವಿಸ್ಟ್. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಲಾರಿಗಳು ಎಲ್ಲಿರುತ್ತವೆ ಎಂಬುದಷ್ಟೇ ಪ್ರಶ್ನೆ. ಬಂದರಿನಲ್ಲಿ ಎಂಬುದು ಉತ್ತರ. ಶಾಲೆ ಶುರುವಾದಾಗಿನಿಂದ ಅದೇ ಉತ್ತರ.

ಪರೀಕ್ಷೆಯ ಮಾರನೆಯ ಬೆಳಿಗ್ಗೆ, ಟ್ರೆವಿನೊ ತಿಂಡಿಗೆ ತಂದ ಮೊಟ್ಟೆಯ ಟಾಕೊ ರೊಟ್ಟಿ ಬಿಚ್ಚುವಷ್ಟರಲ್ಲಿ ಗನ್ನಿ ಟುಲೀ ಬಂದ.

"ಎಲ್ಲಾರೂ ಪಾಸು ಮೇಡಂ. ಒಬ್ಬಳು ಬಿಟ್ಟು. ಅವಳೂ ನನ್ನೋಳೇ, ಕ್ರೌಡರ್."

"ಆ ಮಾತು ಕಮ್ಮಿ ಆಡೋ ಹುಡುಗೀನಾ? ಏನು ಬರೆದಳು?"

ಟುಲೀ ಹಾಳೆ ಚಾಚಿದ. ಅದರಲ್ಲಿ ಎರಡೇ ಸಾಲು: ಲಾರಿಗಳು ದ್ವೀಪದಲ್ಲೇ ಇರುತ್ತವೆ. ಇಲ್ಲವಾದರೆ ನೀರಿನಲ್ಲಿರುತ್ತವೆ.

"ತಮಾಷೆ ಮಾಡ್ತಾಳೆ," ಎಂದ ಟುಲೀ. "ನಾನೇ ಸೊನ್ನೆ ಹಾಕ್ದೆ. ಕೊನೇ ಪರೀಕ್ಷೆ ಹೋದ್ರೆ ಶಾಲೆ ಹೋಯ್ತು, ನಿಯಮ ನಿಯಮಾನೇ. ನಾಳೆಯಿಂದ ಎಲ್ಲಾದ್ರೂ ಉಗ್ರಾಣದಲ್ಲಿ ಬೂಟು ಎಣಿಸಲಿ. ನಮ್ಮೋಳು ಅಂತ ನಾನೇನು ಮುಲಾಜು ನೋಡಲ್ಲ."

ಟ್ರೆವಿನೊ ಹುಡುಗಿಯನ್ನು ಕರೆಸಿದಳು. ಇಮಾನಿ ಕ್ರೌಡರ್ ನೆಟ್ಟಗೆ ನಿಂತಳು. ಕಣ್ಣು ಊದಿದ್ದವು, ಗಲ್ಲ ಮಾತ್ರ ಮೇಲಿತ್ತು.

"ಇಲ್ಲಿವರೆಗೆ ಈ ಶಾಲೆಯಲ್ಲಿ ಯಾರೂ ಬರೆಯದ ಉತ್ತರ ಬರೆದಿದೀಯ. ಯಾಕೆ?"

"ರಸ್ತೆ ಮುಳುಗಿರುತ್ತೆ ಮೇಡಂ. ರಾತ್ರಿಯೆಲ್ಲ ಉಬ್ಬರ. ಕೊನೇ ಹಾಳೇಲಿದೆ."

"ಆ ಹಾಳೆ ಯಾರೂ ಓದಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?" ಬಾಯಿಂದ ಬಿದ್ದ ಮೇಲೆ ಟ್ರೆವಿನೊಗೆ ತನ್ನ ಮಾತು ತನಗೇ ಕೇಳಿಸಿತು.

"ಕಟ್ಟಲ್ಲಿ ಇಟ್ಟಿದ್ರಲ್ಲ ಮೇಡಂ," ಎಂದಳು ಕ್ರೌಡರ್. "ಅದಕ್ಕೇ ಓದಿದೆ."

ಅವಳನ್ನು ಹೊರಗೆ ಕೂರಿಸಿ ಟ್ರೆವಿನೊ ತಾನೇ ಕೊನೆಯ ಹಾಳೆ ತೆಗೆದು ಓದಿದಳು. ಹೌದು. ಹೊಸ ತಾರೀಖಿಗೆ ಚಂದ್ರ ಬೇರೆ, ಉಬ್ಬರ ಬೇರೆ. ಕತ್ತಲಾದಾಗಿನಿಂದ ಬೆಳಕಾಗುವವರೆಗೂ ಆ ರಸ್ತೆಯ ಮೇಲೆ ಆಳೆತ್ತರದ ನೀರು. ಇಡೀ ತರಗತಿ, ಶಾಲೆಯ ಉತ್ತರ ಪತ್ರಿಕೆಯನ್ನೂ ಸೇರಿಸಿ, ಶತ್ರುವಿನ ಲಾರಿಗಳನ್ನು ಸಮುದ್ರದ ತಳದಲ್ಲಿ ಓಡಿಸಿ ಬಂದರಿಗೆ ಮುಟ್ಟಿಸಿತ್ತು. ಅವಳ ಟಾಕೊ ತಣ್ಣಗಾಯಿತು.

ಚೀಫ್, ಸಾರ್ಜೆಂಟ್, ಗನ್ನಿ ಮೂವರನ್ನೂ ಒಳಗೆ ಕರೆದು ಬಾಗಿಲು ಹಾಕಿದಳು.

"ಚೀಫ್, ಈ ಹಾಳೆ ನಿಮ್ಮದಾ?"

"ನನ್ನದೇ. ತಾರೀಖು ಬದಲಾದ್ದು ನೋಡಿ ಹೊಸದಾಗಿ ಲೆಕ್ಕ ಹಾಕಿ ಸಾರ್ಜೆಂಟ್ ಮೇಜಿನ ಟ್ರೇಯಲ್ಲಿಟ್ಟೆ."

"ರಸ್ತೆ ನೀರಲ್ಲಿದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಸ್ಪಷ್ಟವಾಗಿ ಬರೆದಿದ್ದೆ."

"ಬರೆದಿದ್ರಿ. ಬಾಯಿ ಬಿಟ್ಟು ಒಂದು ಮಾತು ಹೇಳಕ್ಕೆ ಆಗಲಿಲ್ವಾ?"

ಫಾಂಟೆನೊ ಗೋಡೆ ನೋಡಿದ. "ಮಾತು ಬಿಟ್ಟಿದ್ನಲ್ಲ ಮೇಡಂ. ಆವತ್ತೇ ತಮಗೆ ಹೇಳಿದ್ದೆ."

"ಸಾರ್ಜೆಂಟ್?"

ಲಿಂಡ್‌ಕ್ವಿಸ್ಟ್ ಅತಿವಿನಯಕ್ಕೆ ಹೆಸರಾದ ಮಿನ್ನೆಸೋಟಾದವನು. ಅವನ ಮನೆಗೆ ಬೆಂಕಿ ಬಿದ್ದರೂ ಮೊದಲು ಕ್ಷಮಿಸಿ ಅನ್ನುವವನು. "ಕ್ಷಮಿಸಿ ಮೇಡಂ. ಹಾಳೆ ಬಂತು, ಹಳೇದು ತೆಗೆದು ಹೊಸದು ಸೇರಿಸಿದೆ. ಓದಲಿಲ್ಲ. ಓದಿದ್ರೂ ಅರ್ಥ ಆಗ್ತಿರಲಿಲ್ಲ, ಚೀಫನ್ನ ಕೇಳಬೇಕಿತ್ತು. ಕೇಳೋಕೆ... ನಾನು ಅವರ ಮುಂದೆ ಹೋದ್ರೆ ಅವರು ತೊಳೆದ ಲೋಟದ ಒಳಗನ್ನು ನನ್ನ ಕಡೆ ತಿರುಗಿಸಿ ಹಿಡೀತಾರೆ ಮೇಡಂ."

"ಲೋಟ!" ಎಂದು ಕಿರುಚಿದಳು ಟ್ರೆವಿನೊ. "ಒಂದು ಲೋಟಕ್ಕೆ ಲಾರಿ ಸಾಲೇ ಮುಳುಗಿಸಿದ್ರಲ್ಲಪ್ಪಾ! ಇದನ್ನೇ ಅಲ್ವಾ ನಾವು ಮಾಡಬೇಡಿ ಅಂತ ಹುಡುಗರಿಗೆ ಪಾಠ ಹೇಳೋದು? ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಾಗದೆ ಜನ ಸತ್ತಿದಾರೆ ಅಂತ ಮೊದಲನೇ ದಿನವೇ ಹೇಳ್ತೀವಲ್ರೀ, ಅದೂ ಸತ್ತವರ ಫೋಟೋಗೆ ಕಪ್ಪು ಬಟ್ಟೆ ಹಾಕಿ ತೋರಿಸಿ!"

ಟುಲೀ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನನ್ನ ಹುಡುಗಿ ಸರಿ ಬರೆದಳು ಅನ್ನಿ," ಎಂದ. ಅವನ ಮುಖದಲ್ಲಿ ಇಲ್ಲದ ಹೆಮ್ಮೆ ಬಂದಿತ್ತು. "ಮರೀನ್ ಅಂದ್ರೆ ಮರೀನೇ."

"ನೀವೇ ಅಲ್ವಾ ಸೊನ್ನೆ ಹಾಕಿದ್ದು?"

"ಅದು ಬೆಳಿಗ್ಗೆ ಮೇಡಂ."

ಲಿಂಡ್‌ಕ್ವಿಸ್ಟ್ ಮೆಲ್ಲಗೆ ಒಂದು ದಾರಿ ಹೇಳಿದ. ಜನರಲ್ ನಾಡಿದ್ದು ಬರುತ್ತಾರೆ. ಕ್ರೌಡರ್‌ಳನ್ನು ಸದ್ದಿಲ್ಲದೆ ಪಾಸು ಮಾಡೋಣ, ಉಳಿದವರ ಉತ್ತರವೂ ಸರಿ ಎಂದು ಬಿಟ್ಟುಬಿಡೋಣ. ಮುಂದಿನ ಸಲಕ್ಕೆ ತಿದ್ದಿಕೊಂಡರಾಯಿತು. ಯಾರಿಗೂ ನಷ್ಟವಿಲ್ಲ. ಟುಲೀ ತಲೆ ಆಡಿಸಿದ. ಚೀಫ್ ಕೂಡ, ಲಿಂಡ್‌ಕ್ವಿಸ್ಟ್‌ನ ಕಡೆ ನೋಡದೆಯೇ, ತಲೆ ಆಡಿಸಿದ. ಈ ಮೂವರೂ ಒಂದು ವಿಷಯಕ್ಕೆ ಒಪ್ಪಿದ್ದು ಟ್ರೆವಿನೊ ಅದೇ ಮೊದಲು ಕಂಡದ್ದು.

ಅವಳಿಗೂ ಆಸೆಯಾಗದೆ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಶಾಲೆ ಉಳಿಯುತ್ತಿತ್ತು. ಆದರೆ ಲಾರಿಗಳನ್ನು ನೀರಲ್ಲಿ ನಡೆಸಿದ ಆ ಇಡೀ ತರಗತಿ ಮುಂದಿನ ತಿಂಗಳು ಹಡಗು, ವಿಮಾನನೆಲೆ, ಗುಡಾರಗಳಿಗೆ ಚದುರಿ, ಕೊನೆಯ ಹಾಳೆ ಓದದೆ, ರಸ್ತೆ ಖಾಲಿಯಿದೆ ಹೋಗಿ ಎಂದು ಯಾರಿಗೋ ಹೇಳುತ್ತದೆ. ಹೋಗುವವರು ನಂಬಿ ಹೋಗುತ್ತಾರೆ.

"ಎಲ್ಲರಿಗೂ ಹೇಳ್ತೀನಿ," ಎಂದಳು. "ಎಲ್ಲರೂ ಫೇಲು, ಕ್ರೌಡರ್ ಒಬ್ಬಳೇ ಪಾಸು. ಹುಡುಗರು ವಾರ ಬಿಟ್ಟು ಹೊಸ ಪರೀಕ್ಷೆ ಬರೀಲಿ. ಜನರಲ್‌ಗೂ ಹೇಳ್ತೀನಿ. ಹೋಗಿ ನೀವು, ನನ್ನ ಕಣ್ಣೆದುರು ನಿಲ್ಲಬೇಡಿ."

ಜನರಲ್ ಹ್ಯಾವರ್‌ಕ್ಯಾಂಪ್ ಗಟ್ಟಿ ಮುದುಕ. ಎಲ್ಲವನ್ನೂ ಕೇಳಿಸಿಕೊಂಡರು. ಲೋಟದ ವಿಷಯ ಬಂದಾಗ ಮಾತ್ರ ಒಂದು ಸಲ ಕಣ್ಣು ಮುಚ್ಚಿ ತೆರೆದರು.

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ, ಕರ್ನಲ್."

"ಕ್ರೌಡರ್‌ಗೆ ಗೊತ್ತಿತ್ತು ಸರ್."

"ಹುಂ." ಅವರು ಕಿಟಕಿಯಾಚೆಯ ಬಯಲಿನತ್ತ ತಿರುಗಿದರು. "ನಿಮ್ಮ ಪ್ರಾಮಾಣಿಕತೆ ದೊಡ್ಡದು, ಅದನ್ನು ಬರಿತೀನಿ. ಆದರೆ ಕಲಿಸೋರೇ ಕೂಡಿ ಇರಲಾರರು ಅಂದ್ಮೇಲೆ ಕಲಿಯೋರನ್ನ ಯಾಕೆ ಒಂದೇ ಕಡೆ ಕೂಡಿ ಹಾಕೋದು? ಈ ತರಗತಿ ಮುಗೀಲಿ. ಆಮೇಲೆ ಅವರವರ ಮಕ್ಕಳು ಅವರವರ ಮನೆಗೆ."

ಅಷ್ಟೇ. ಕೈ ಕುಲುಕಿ ಹೊರಟುಹೋದರು. ಟ್ರೆವಿನೊಗೆ ಅಳುವೂ ಬರಲಿಲ್ಲ. ಇಷ್ಟು ವರ್ಷ ಹೊತ್ತ ಕಲ್ಲನ್ನು ಯಾರೋ ಇಳಿಸಿಕೊಂಡು ಹೋದರೆ ಬೆನ್ನು ಹಗುರವಾಗಬೇಕಿತ್ತು, ಅದೂ ಆಗಲಿಲ್ಲ.

ಹುಡುಗರು ಹೊಸ ಪರೀಕ್ಷೆ ಬರೆದರು. ಈ ಸಲ ಕೊನೆಯ ಹಾಳೆಗೆ ಎಲ್ಲರ ಬೆರಳ ಕೊಳೆ ಹತ್ತಿತ್ತು. ಕ್ರೌಡರ್ ಎಲ್ಲರ ಜೊತೆ ಎದೆಗೆ ಬಿಲ್ಲೆ ಚುಚ್ಚಿಸಿಕೊಂಡು ಬಸ್ಸು ಹತ್ತಿದಳು. ಪಡಸಾಲೆಯ ಕಾಫಿ ಯಂತ್ರಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದರು. ಮರೀನರದು ಮೊದಲು ಹೋಯಿತು, ವಾಯುಪಡೆಯವರದು ಹೊಸ ಬಟ್ಟೆ ಸುತ್ತಿಕೊಂಡು ಹೋಯಿತು. ಕೊನೆಗೆ ಉಳಿದದ್ದು ನೌಕಾಪಡೆಯ ಹಳೆಯ ಡಬ್ಬಿ ಒಂದೇ.

ಟ್ರೆವಿನೊ ತನ್ನ ಕೋಣೆಯಲ್ಲಿ ಚಿತ್ರಗಳನ್ನು ಗೋಡೆಯಿಂದ ಇಳಿಸುತ್ತಿದ್ದಾಗ ಲಿಂಡ್‌ಕ್ವಿಸ್ಟ್ ಬಾಗಿಲು ಬಡಿದ. ಹಿಂದೆ ಫಾಂಟೆನೊ, ಕೈಯಲ್ಲಿ ಲೋಟ. ಅವನ ಹಿಂದೆ ಟುಲೀ, ಸುರುಳಿ ಸುತ್ತಿದ ದೊಡ್ಡ ನಕ್ಷೆ ಹೊತ್ತುಕೊಂಡು.

"ಕ್ಷಮಿಸಿ ಮೇಡಂ. ಮುಂದಿನ ಪರೀಕ್ಷೆ ತಂದಿದೀವಿ."

"ಮುಂದಿನ ಪರೀಕ್ಷೆಯಾ?"

"ದ್ವೀಪದ್ದೇ. ಬೇರೆ ಕಥೆ. ಮೂವರೂ ಕೂತು ಮಾಡಿದ್ವಿ. ಉಬ್ಬರ ಚೀಫ್ ನೋಡಿದಾರೆ. ಲಾರಿಗಳ ಭಾರಕ್ಕೆ ಆ ರಸ್ತೆ ತಡೆಯಲ್ಲ ಅಂತ ಗನ್ನಿ ಹೇಳಿದ್ರು, ಅದನ್ನೂ ತಿದ್ದಿದ್ವಿ."

ಟ್ರೆವಿನೊ ಇಳಿಸಿದ ಚಿತ್ರವನ್ನು ಮೇಜಿಗೆ ಬಡಿದಿಟ್ಟಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. "ಈಗಾ? ಈಗ ಬಂತಾ ಬುದ್ಧಿ? ಮುಂದೆ ತರಗತಿ ಎಲ್ಲಿದೆ, ಶಾಲೆ ಎಲ್ಲಿದೆ? ಯಾರಿಗೆ ಕೊಡಲಿ ಇದನ್ನ, ಗೋಡೆಗಾ?"

"ಗೊತ್ತು ಮೇಡಂ," ಎಂದ ಫಾಂಟೆನೊ. "ಆದ್ರೆ ತಪ್ಪಿತ್ತಲ್ಲ. ತಪ್ಪು ಹಾಗೇ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ."

"ನನ್ನ ಪೆನ್ಸಿಲು ಯಾರೂ ಚೂಪು ಮಾಡಿಕೊಡಲಿಲ್ಲ," ಎಂದು ಟುಲೀ ಗೊಣಗಿದ. "ಆ ನೀಲಿ ಗೆರೆ ವಕ್ರ ಬಂದಿದ್ರೆ ಅದು ವಾಯುಪಡೆ ಪೆನ್ಸಿಲಿನ ದೋಷ."

"ನೀವು ಒತ್ತಿ ಬರೀತೀರಿ ಗನ್ನಿ," ಎಂದ ಲಿಂಡ್‌ಕ್ವಿಸ್ಟ್.

"ಒತ್ತದೆ ಬರೆಯೋಕೆ ಅದೇನು ರಂಗೋಲಿನಾ?"

"ಹೋಗ್ರೀ," ಎಂದಳು ಟ್ರೆವಿನೊ. "ಮೂರೂ ಜನ ಹೋಗಿ. ನನಗೆ ಕೆಲಸ ಇದೆ."

ಪಡಸಾಲೆಯುದ್ದಕ್ಕೂ ಪೆನ್ಸಿಲಿನ ಜಗಳ ಆಡುತ್ತ ಹೋದರು. ಅವಳು ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದಳು. ರಸ್ತೆ ಇರಬೇಕಾದ ಕಡೆ ನೀಲಿ ತುಂಬಿದ್ದರು, ಅಂಚಿನಲ್ಲಿ ಮೂರು ಬಗೆಯ ಕೈಬರಹ, ಮೂಲೆಯಲ್ಲಿ ಲೋಟ ಇಟ್ಟ ದುಂಡನೆಯ ಕಾಫಿ ಕಲೆ. ಸುರುಳಿಯಾಗದಂತೆ ಒಂದು ತುದಿಗೆ ಭಾರ ಇಡಲು ಹುಡುಕಿದಾಗ ಚೀಫ್ ತನ್ನ ಲೋಟವನ್ನು ಅಲ್ಲೇ ಮರೆತು ಹೋದದ್ದು ಕಂಡಿತು.

ಅಭ್ಯಾಸಬಲದಿಂದ ಅದನ್ನೆತ್ತಿಕೊಂಡು ಮೂಲೆಯ ತೊಟ್ಟಿಯವರೆಗೆ ಹೋದಳು. ನಲ್ಲಿ ತಿರುಗಿಸಿದಳು. ಬಿಳಿಯ ಪಿಂಗಾಣಿಯ ತಳದಲ್ಲಿ, ತಾಜಾ, ಕಂದುಬಣ್ಣದ ತೆಳು ಗೆರೆಯೊಂದು ಸುತ್ತಲೂ ಕಟ್ಟತೊಡಗಿತ್ತು. ನಲ್ಲಿ ನಿಲ್ಲಿಸಿ, ಲೋಟವನ್ನು ಹಾಗೆಯೇ ತಂದು, ಬೋರಲು ಹಾಕದೆ, ನಕ್ಷೆಯ ತುದಿಗಿಟ್ಟಳು.