ಕೊಡೆಗೆ ಮೂರು ಅಂಕ

"ಕಿವಿ ಮೇಲಿಂದು ತೆಗೀಲಾ, ಹಾಗೇ ಬಿಡ್ಲಾ?" ಎಂದು ಕೇಳಿದ ಸವಾಯೆ ಉತ್ತರಕ್ಕೂ ಕಾಯದೆ ಬಾಚಣಿಗೆ ಇಳಿಸಿದಳು. "ಆಗ ತಲೆ ತುಂಬಾ ಕೂದಲಿತ್ತು ನಿಮಗೆ. ಈಗ ಎರಡು ಸುಳಿ ಮಾತ್ರ ಉಳ್ಕೊಂಡಿವೆ. ಅದನ್ನ ನೋಡೇ ಗುರುತು ಹಿಡಿದಿದ್ದು, ಹೊಜುಮಿಯವರೇ."

ಹೊಜುಮಿ ಕನ್ನಡಿಯೊಳಗೆ ನಕ್ಕ. ಟೋಕಿಯೊದಿಂದ ಎರಡು ರೈಲು ಬದಲಿಸಿ ಚಿಚಿಬುವಿನ ಈ ಕ್ಷೌರದಂಗಡಿ ಮುಟ್ಟುವ ಹೊತ್ತಿಗೆ ಅವನಿಗೆ ಸಾಕುಸಾಕಾಗಿತ್ತು. ಸಿಹಿಯ ಡಬ್ಬಿ ಕೈಗಿತ್ತು ಬಂದ ವಿಷಯ ಹೇಳೋಣವೆಂದರೆ, ಅವಳು ಮೊದಲು ಕುರ್ಚಿಯಲ್ಲಿ ಕೂರಿಸಿ ಕತ್ತಿಗೆ ಬಟ್ಟೆ ಬಿಗಿದುಬಿಟ್ಟಿದ್ದಳು.

ಮೂವತ್ತು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ವಿಡಿಯೊ ಗೇಮ್ ಮಾಡಿದ್ದರು. ರೈಲಿನಲ್ಲಿ ಮರೆತುಹೋದ ಕೊಡೆಯೊಂದು ಯಜಮಾನನನ್ನು ಹುಡುಕಿಕೊಂಡು ಊರೆಲ್ಲ ಒಂಟಿಕಾಲಲ್ಲಿ ಕುಪ್ಪಳಿಸುವ ಆಟ. ಕತ್ತಿಯಿಲ್ಲ, ಗುಂಡಿಲ್ಲ, ಸಾಯುವವರಿಲ್ಲ. ಕೊನೆಗೂ ಮನೆ ಸಿಕ್ಕಿತೆಂದರೆ, ಬಾಗಿಲ ಬಳಿ ಆಗಲೇ ಒಂದು ಹೊಸ ಕೊಡೆ ನಿಂತಿರುತ್ತದೆ. ಅಲ್ಲಿಗೆ ಆಟ ಮುಗಿಯಿತು. ಆ ಕೊನೆಯನ್ನು ಬರೆದವಳು ಸವಾಯೆ. ಬೇರೆ ಕಂಪನಿಯವರು ಒಳ್ಳೆ ಕೆಲಸಗಾರರನ್ನು ಹಾರಿಸಿಕೊಂಡು ಹೋಗುತ್ತಾರೆಂಬ ಹೆದರಿಕೆಗೆ ಇವರ ಕಂಪನಿಯಲ್ಲಿ ಎಲ್ಲರಿಗೂ ಅಡ್ಡಹೆಸರು ಹಾಕುತ್ತಿದ್ದರು. ಆಟ ಮುಗಿದಾಗ ಪರದೆಯ ಮೇಲೆ ಬರುತ್ತಿದ್ದ ಅವಳ ಹೆಸರು 'ನಿದ್ದೆಗಣ್ಣು'.

ವಾರಪತ್ರಿಕೆಯ ವಿಮರ್ಶಕ ಮಿಗಿಶಿಮ ಹತ್ತಕ್ಕೆ ಮೂರು ಅಂಕ ಕೊಟ್ಟು ಜನ್ಮ ಜಾಲಾಡಿದ್ದ. ಸೋಮವಾರ ಬೆಳಗಿನ ಸಭೆಯಲ್ಲಿ ಕಂಪನಿಯ ಯಜಮಾನರು ಅವಳನ್ನು ಎಲ್ಲರೆದುರು ನಿಲ್ಲಿಸಿ, ಇಂಥ ಕೊನೆ ಬರೆದದ್ದಕ್ಕೆ ಕ್ಷಮೆ ಕೇಳಿಸಿದರು. ಸೊಂಟ ಬಗ್ಗಿಸಿ ಕೇಳಿದಳು. ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟು ಅಪ್ಪನ ಕತ್ತರಿ ಹಿಡಿದಳು.

ಈಗ ನೋಡಿದರೆ ಅದೇ ಆಟಕ್ಕೆ ಎಲ್ಲಿಲ್ಲದ ಮರ್ಯಾದೆ. ಆ ಹೊಸ ಕೊಡೆಯ ಮೇಲೆ ಕಾಲೇಜುಗಳಲ್ಲಿ ಪ್ರಬಂಧ ಬರೆಯುತ್ತಾರೆ. ಹೊಗಳಿಕೆಯೆಲ್ಲ ಕಂಪನಿಯಲ್ಲೇ ಉಳಿದ ಹೊಜುಮಿಯ ಪಾಲಿಗೆ. ನಾನಲ್ಲ ಬರೆದದ್ದು ಎಂದು ಅವನು ಹೇಳಿದಷ್ಟೂ ಜನ ಅದನ್ನು ದೊಡ್ಡ ಗುಣವೆಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರು. ಹೊಗಳಿಸಿಕೊಂಡೂ ಮನುಷ್ಯ ಸುಸ್ತಾಗುತ್ತಾನೆ.

"ಆಟ ಮತ್ತೆ ಬಿಡುಗಡೆ ಆಗ್ತಿದೆ, ಜೊತೆಗೊಂದು ಪುಸ್ತಕಾನೂ. ಈ ಸಲ ನಿಜವಾದ ಹೆಸರೇ ಹಾಕ್ತಾರೆ. ನೀವು ಹ್ಞೂಂ ಅಂದ್ರೆ ಸಾಕು."

"ನನ್ನ ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತೀರಾ?"

"ಮಾರ್ಚಿಗೆ ನಾನು ನಿವೃತ್ತಿ. ಅಷ್ಟರೊಳಗೆ ಇದೊಂದು ಸರಿಹೋದ್ರೆ ನೆಮ್ಮದಿ."

"ನೆಮ್ಮದಿ ನಿಮಗೆ, ಹೆಸರು ನಂದು. ಆಯ್ತು. ಮುನ್ನುಡಿ ಯಾರದು?"

ಹೊಜುಮಿ ತಡವರಿಸಿದ. "ಮಿಗಿಶಿಮ ಅವರದ್ದು. ಈಗ ಭಾರೀ ಹೆಸರು ಅವರದು. ಕೊನೇ ದೃಶ್ಯ ನೋಡಿ ಅತ್ತುಬಿಟ್ಟೆ ಅಂತ ಬರ್ದಿದಾರೆ."

ಕತ್ತರಿ ನಿಂತಿತು.

"ಹಾಗಾದ್ರೆ ಅವರ ಹಳೇ ವಿಮರ್ಶೇನೂ ಅದರ ಪಕ್ಕದಲ್ಲೇ ಅಚ್ಚು ಹಾಕ್ಸಿ. ಮೂರು ಅಂಕದ ಸಮೇತ. ಆಮೇಲೆ ನನ್ನ ಹೆಸರು."

ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಮಿಗಿಶಿಮ ಒಪ್ಪುವ ಮಾತೇ? ಹೊಜುಮಿ ಬಟ್ಟೆಯಡಿಯಿಂದ ಫೋನ್ ತೆಗೆದು, ಕಂಪನಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ತ್ಸುಕುದಾಳಿಗೆ ವಿಷಯ ಹೇಳಿದ. "ಅಯ್ಯೋ ಸರ್," ಎಂದು ರಾಗ ಎಳೆದಳು ಆಕೆ. ಮಿಗಿಶಿಮ ಅವರನ್ನೇ ಕೇಳಿ ತಿಳಿಸುವೆನೆಂದಳು.

ಹಿಂದಲೆ ಮುಗಿಯುವಷ್ಟರಲ್ಲಿ ಅವಳ ಕರೆ ಬಂತು. ಸವಾಯೆಗೂ ಕೇಳಲೆಂದು ಹೊಜುಮಿ ದನಿ ಜೋರು ಮಾಡಿ ಫೋನನ್ನು ಕನ್ನಡಿಯ ಮುಂದಿಟ್ಟ.

"ಸರ್, ಅವರು ಹಾಗೆ ಬರೆದೇ ಇಲ್ವಂತೆ. ನಾನು ಮೊದಲಿಂದ್ಲೂ ಕೊಡೆ ಪರ ಅಂತಿದಾರೆ. ಸುಳ್ಳು ಹೇಳ್ತಿಲ್ಲ ಸರ್, ಪಾಪ, ನಿಜವಾಗ್ಲೂ ನೆನಪಿಲ್ಲ ಅವರಿಗೆ. ಹಳೇ ಸಂಚಿಕೆ ಸಿಕ್ರೆ ಅಚ್ಚು ಹಾಕಿ, ನಂಗೂ ನೋಡೋ ಆಸೆ ಅಂತ ನಕ್ಕರು."

ಕರೆ ಮುಗಿಯಿತು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮುದುಕರೊಬ್ಬರು ಪೇಪರ್ ಮಡಚಿಟ್ಟು ಕಿವಿಗೊಟ್ಟಿದ್ದರು.

"'ಮನೆಗೆ ಬಂದ ಮೇಲೆ ಒದ್ದೆ ಕೊಡೆಯನ್ನು ಮೂಲೆಗಿಡುತ್ತೇವೆ,'" ಎಂದಳು ಸವಾಯೆ, ಶಾಲೆಯ ಪಾಠ ಒಪ್ಪಿಸುವವಳ ಹಾಗೆ. "'ಈ ಆಟವನ್ನೂ ಅಲ್ಲೇ ಇಡಿ. ಬರೆದವರನ್ನೂ.' ಹಂಗಿತ್ತು ಕೊನೇ ಸಾಲು. ಅಂದ್ರೆ ಇಷ್ಟು ವರ್ಷ ಅದನ್ನ ಇಟ್ಕೊಂಡಿದ್ದು ನಾನೊಬ್ಳೇ."

ನನಗೂ ನೆನಪಿದೆ ಎನ್ನಬೇಕೆನಿಸಿತು ಹೊಜುಮಿಗೆ. ಇರಲಿಲ್ಲ. ಅವಳು ಹೇಳುವವರೆಗೆ ಆ ಸಾಲು ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಆ ಸೋಮವಾರ ಅವನೂ ಸಾಲಿನಲ್ಲಿ ನಿಂತಿದ್ದ. ಹೀಟರ್ ಕೆಟ್ಟು ಕಾಲು ಕೊರೆಯುತ್ತಿತ್ತು, ಬೇಗ ಮುಗಿದರೆ ಸಾಕೆನಿಸಿತ್ತು, ಅಷ್ಟೇ ನೆನಪು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಹೆಸರು ಹಾಕ್ಕೊಳ್ಳಿ," ಅಂದಳು ಅವಳು.

"ಹಳೇ ವಿಮರ್ಶೆ?"

"ಬೇಡ ಬಿಡಿ. ಬೈದೋರೇ ಮರ್ತ ಮೇಲೆ ಇನ್ನೇನು."

ಬಟ್ಟೆ ಬಿಚ್ಚಿ ಕೊಡವಿದಳು. ಮುದುಕರು ಎದ್ದು ಬಂದು ಕುರ್ಚಿಯ ಪಕ್ಕ ನಿಂತರು. ಸವಾಯೆ ಬ್ರಷ್ ತೆಗೆದುಕೊಂಡು ಹೊಜುಮಿಯ ಕತ್ತಿನ ಮೇಲಿನ ಚೂರುಕೂದಲು ಒರೆಸತೊಡಗಿದಳು. ಕೂದಲೆಲ್ಲ ಉದುರಿದ ಮೇಲೂ ಅವಳ ಕೈ ಅದೇ ಜಾಗದಲ್ಲಿ ಆಡುತ್ತಲೇ ಇತ್ತು. ಅವನು ತಲೆ ಬಗ್ಗಿಸಿಕೊಂಡೇ ಕೂತಿದ್ದ.