ಹಸಿರು ಕರಪತ್ರದ ಮೂರನೆಯ ಸಾಲು

"ವರದೀನ ಖಜಾಂಚಿ ಓದ್ತಾನೆ. ನೀನು ಅತಿಥಿಗಳಿಗೆ ಹೂಗುಚ್ಛ ಕೊಟ್ಟುಬಿಡಮ್ಮ, ಸಾಕು," ಎಂದರು ಅಧ್ಯಕ್ಷರು. ಹೇಳುವಾಗ ಅವಳ ಮುಖ ನೋಡಲಿಲ್ಲ. ಮೈಕಿನ ವೈರನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು.

ಸಭಾಂಗಣದಲ್ಲಿ ಇನ್ನೂ ಕುರ್ಚಿ ಹಾಕುವ ಸದ್ದು. ವೇದಿಕೆಯ ಹಿಂದೆ ಕಟ್ಟಿದ ಬಟ್ಟೆಯ ಮೇಲೆ 'ವಾಕ್ ಮತ್ತು ಶ್ರವಣ ತಜ್ಞರ ಸಂಘ, ಹತ್ತೊಂಬತ್ತನೆಯ ವಾರ್ಷಿಕ ಸಮ್ಮೇಳನ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅವಳು ಆ ಸಂಘದ ಕಾರ್ಯದರ್ಶಿ. ಆರು ವರ್ಷ ಸಹಕಾರ್ಯದರ್ಶಿಯಾಗಿ ಎಲ್ಲ ಸುತ್ತೋಲೆಗಳನ್ನೂ ನಡಾವಳಿಗಳನ್ನೂ ಬರೆದವಳು. ಈ ವರ್ಷ ಕಾರ್ಯದರ್ಶಿಯ ಕುರ್ಚಿಗೆ ಅವಿರೋಧವಾಗಿ ಆಯ್ಕೆಯಾಗಿದ್ದಳು. ಅವಿರೋಧವೇಕೆಂದರೆ ಆ ಕತ್ತೆ ಚಾಕರಿ ಬೇರೆ ಯಾರಿಗೂ ಬೇಕಿರಲಿಲ್ಲ. ಬೆಳಿಗ್ಗೆಯಿಂದ ಮುನ್ನೂರು ಬಟ್ಟೆಚೀಲಗಳಿಗೆ ಪೆನ್ನು, ಟಿಪ್ಪಣಿ ಪುಸ್ತಕ, ಕಾರ್ಯಕ್ರಮ ಪಟ್ಟಿ, ಹಸಿರು ಕರಪತ್ರ ತುಂಬಿ ಅವಳ ಬೆರಳ ತುದಿಗಳೆಲ್ಲ ಒಣಗಿದ್ದವು.

"ಯಾಕೆ ಸರ್?" ಎಂದಳು. ಯಾಕೆಂದು ಅವಳಿಗೆ ಗೊತ್ತೇ ಇತ್ತು. ಆದರೂ ಅವರ ಬಾಯಿಂದಲೇ ಬರಲಿ ಎಂಬ ಹಟ.

"ನೋಡಮ್ಮ, ಆರೋಗ್ಯ ಇಲಾಖೆ ನಿರ್ದೇಶಕರು ಬರ್ತಿದಾರೆ. ಒಂದೊಂದು ಆಸ್ಪತ್ರೆಗೂ ನಮ್ಮವರೊಬ್ಬರನ್ನ ಹಾಕಿ ಅಂತ ಎಷ್ಟು ವರ್ಷದಿಂದ ಅವರ ಬಾಗಿಲು ತಟ್ಟಿದೀವಿ? ಮಾತು ತಿದ್ದೋರ ಸಂಘದ ಕಾರ್ಯದರ್ಶಿಯೇ ಅವರ ಮುಂದೆ ಉಗ್ಗಿದ್ರೆ ಏನಂತಾರೆ? ಇವರ ಮದ್ದು ಇವರಿಗೇ ಹಿಡಿಯಲ್ಲ ಅಂತ ಎದ್ದು ಹೋಗ್ತಾರೆ."

"ಆದ್ರೆ ಸರ್, ನಿಯಮದ ಪ್... ಪ್..."

"ಪುಸ್ತಕ. ನಿಯಮದ ಪುಸ್ತಕದಲ್ಲಿ ಕಾರ್ಯದರ್ಶಿಯೇ ಓದಬೇಕು ಅಂತಿದೆ, ಗೊತ್ತು. ನಿಧಾನ, ಉಸಿರು ತಗೋ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಇಷ್ಟು ಹೇಳಿ ಅವರು ಹೂಗುಚ್ಛ ಬಂತೇ ಎಂದು ನೋಡಲು ಹೋದರು. ವೇದಿಕೆಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಖಜಾಂಚಿ ತನ್ನ ಚೀಲದಿಂದ ಹಸಿರು ಕರಪತ್ರ ತೆಗೆದು ಬೆರಳಿಟ್ಟು ಓದಿದ. "ಉಗ್ಗುವವರ ಜೊತೆ ಮಾತಾಡುವಾಗ. ಒಂದು, ಕಣ್ಣು ತಪ್ಪಿಸಬೇಡಿ. ಎರಡು, ನಿಧಾನ, ಉಸಿರು ತಗೊಳ್ಳಿ ಎಂದು ಉಪದೇಶ ಮಾಡಬೇಡಿ. ಮೂರು, ಅವರ ಮಾತನ್ನು ನೀವು ಮುಗಿಸಬೇಡಿ. ಎಷ್ಟು ಹೊತ್ತಾದರೂ ಅದು ಅವರ ಮಾತು." ಮಡಚಿ ಜೇಬಿಗಿಟ್ಟ. "ಅರ್ಧ ನಿಮಿಷದಲ್ಲಿ ಮೂರಕ್ಕೆ ಮೂರೂ ಮುರಿದ್ರಲ್ಲೇ! ಇದಕ್ಕೆ ಒಪ್ಪಿಗೆ ಸಹಿ ಹಾಕಿದ್ದು ಅವರೇ ಅಲ್ವಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಕರಪತ್ರ ಬರೆದವಳು ಅವಳೇ.

ಖಜಾಂಚಿ ಅವಳ ಸಹಪಾಠಿ. ಈಗ ಕಿವಿ ಪರೀಕ್ಷೆ ಮಾಡುವವನು. ದಿನವಿಡೀ ಗಾಜಿನ ಕೋಣೆಯಾಚೆ ಕೂತು ಸಣ್ಣ ಸಣ್ಣ ಸದ್ದು ಬಿಟ್ಟು, ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು ಅವನ ಕೆಲಸ. ಅಧ್ಯಕ್ಷರು ಇಬ್ಬರಿಗೂ ಗುರುಗಳು. ಉಗ್ಗುವ ಹುಡುಗಿಗೆ ಈ ಕೋರ್ಸು ಯಾಕೆ ಎಂದು ಆಯ್ಕೆ ಸಮಿತಿಯವರೆಲ್ಲ ಮೂಗು ಮುರಿದಾಗ, ಬರಲಿ ಬಿಡಿ ಎಂದು ಸೀಟು ಕೊಡಿಸಿದವರೂ ಅವರೇ. ಅದನ್ನು ಅವಳು ಮರೆತಿಲ್ಲ. ಎರಡನೆಯ ತಿಂಗಳಲ್ಲಿ ಅವಳನ್ನು ತರಗತಿಯ ಮುಂದೆ ನಿಲ್ಲಿಸಿ ಒಂದು ಪುಟ ಓದಿಸಿ, ಎಷ್ಟು ಕಡೆ ತಡೆಯುತ್ತದೆಂದು ಗೀಟು ಹಾಕಿ ಎಣಿಸಿರೆಂದು ಇಪ್ಪತ್ತೆರಡು ಜನಕ್ಕೆ ಹೇಳಿದ್ದನ್ನೂ ಮರೆತಿಲ್ಲ. ನಾಲ್ಕು ಗೀಟು, ಅಡ್ಡಕ್ಕೊಂದು. ಐದೈದರ ಕಟ್ಟು. ಪಾಠವಾಗಿ ಅದು ಒಳ್ಳೆಯ ಪಾಠವೇ. ಆದರೆ ಅವಳು ಓದಿದ್ದು ಏನು ಎಂದು ಅವತ್ತು ಇಪ್ಪತ್ತೆರಡು ಜನರಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

"ನಾನು ನಲವತ್ತೊಂದು ಎಣಿಸಿದ್ದೆ," ಎಂದ ಖಜಾಂಚಿ, ಅವಳ ಮನಸ್ಸು ಎಲ್ಲಿ ಹೋಯಿತೆಂದು ಊಹಿಸಿದವನಂತೆ. "ಈಗ ನಾನೇನು ಮಾಡ್ಲಿ ಹೇಳು. ಓದು ಅಂದ್ರೆ ಓದ್ತೀನಿ, ಬೇಡ ಅಂದ್ರೆ ಬಿಡ್ತೀನಿ."

ಅವಳು ಕೈಯಲ್ಲಿದ್ದ ವರದಿಯ ಹಾಳೆಗಳನ್ನು ತಿರುವಿದಳು. ಸಂಘದ ಹಳಬರಿಗೆಲ್ಲ ಅವಳ ಬರವಣಿಗೆ ಎಂದರೆ ಬಲು ಮೆಚ್ಚುಗೆ. ಪತ್ರ ಎನ್ನಬೇಕಾದಲ್ಲಿ ಓಲೆ ಎಂದು, ಪರೀಕ್ಷೆ ಎನ್ನಬೇಕಾದಲ್ಲಿ ತಪಾಸಣೆ ಎಂದು ಬರೆಯುತ್ತಾಳೆ, ಎಂಥ ಭಾಷಾಪ್ರೇಮ ಎಂದು ಹೊಗಳುತ್ತಿದ್ದರು. ಪ್ರೇಮವೂ ಇಲ್ಲ, ಮಣ್ಣೂ ಇಲ್ಲ. ಬರೆದಿದ್ದನ್ನು ಎಂದಾದರೂ ಗಟ್ಟಿಯಾಗಿ ಓದಬೇಕಾದೀತೆಂಬ ಭಯದಲ್ಲಿ, ತುಟಿ ಅಂಟಿಕೊಳ್ಳುವ ಪದಗಳನ್ನು ಅವಳು ಹುಡುಕಿ ಹುಡುಕಿ ಹೊರಗೆ ಹಾಕುತ್ತಿದ್ದಳು, ಅಷ್ಟೆ. ಮನೆಗೆ ನೆಂಟರು ಬಂದಾಗಲೂ ಹಾಗೇ. ಅಮ್ಮ ಅವಳನ್ನು ಒಳಗೆ ಕಳಿಸಿ, "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು. ನಮ್ಮ ಹುಡುಗಿ ಮಿತಭಾಷಿ," ಎಂದು ಜಂಬದಿಂದ ಹೇಳುತ್ತಿದ್ದಳು.

ಈ ಸಲದ ವರದಿಯಲ್ಲಿ ಅವಳು ಒಂದು ಪದವನ್ನೂ ಬದಲಿಸಿರಲಿಲ್ಲ. ಅದಕ್ಕೆ ಕಾರಣ ಒಬ್ಬ ಬಸ್ ಕಂಡಕ್ಟರು.

ಪ್ರತಿ ಗುರುವಾರ ಅವಳ ಚಿಕಿತ್ಸಾಲಯದಲ್ಲಿ ಉಗ್ಗುವವರ ಗುಂಪು ಸೇರುತ್ತದೆ. ಅದರಲ್ಲಿ ಅವನೂ ಒಬ್ಬ. 'ಗಡಿಯಾರ ಗೋಪುರ' ಎಂಬ ಸ್ಟಾಪು ಅವನ ಬಾಯಲ್ಲಿ ಬರುವುದಿಲ್ಲ. ಅದಕ್ಕೇ ಸುಮ್ಮನೆ ಸೀಟಿ ಊದಿ ಬಸ್ ನಿಲ್ಲಿಸುತ್ತಿದ್ದ. ಒಂದು ದಿನ ಕಣ್ಣು ಕಾಣದ ಮುದುಕಿಯೊಬ್ಬಳು ಅಲ್ಲಿ ಇಳಿಯದೆ ಮೂರು ಸ್ಟಾಪು ಮುಂದೆ ಹೋಗಿ ಅತ್ತಳಂತೆ. ಅವನು ಅದನ್ನು ಹೇಳಿಕೊಂಡಾಗ ಅವಳು ಅವನಿಗೆ ಮನೆಕೆಲಸ ಕೊಟ್ಟಿದ್ದಳು. ಉಗ್ಗಿದರೂ ಸರಿ, ಆ ಹೆಸರನ್ನು ದಿನಾ ಕೂಗಬೇಕು.

"ಕೂಗ್ತೀನಿ ಮೇಡಂ," ಎಂದಿದ್ದ ಅವನು. "ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಜನದ ಮುಂದೆ ನಿಂತು ಗ್... ಗಟ್ಟಿಯಾಗಿ ಮಾತಾಡಿದ್ದು ಯಾವಾಗ?" ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಅವನು ಅನ್ನಲಿಲ್ಲ, ಮರ್ಯಾದಸ್ಥ. ಆದರೆ ಅವಳಿಗೆ ಹಾಗೇ ಕೇಳಿಸಿತು. ಸಮ್ಮೇಳನದ ಆಹ್ವಾನ ಪತ್ರಿಕೆಯೊಂದನ್ನು ಅವನ ಕೈಗಿತ್ತು, ಬಂದು ನೋಡಿ ಎಂದಿದ್ದಳು.

ಈಗ ಖಜಾಂಚಿ ಕಾಯುತ್ತಿದ್ದ.

"ನೀನು ಸಮಯದ ಗಂಟೆ ನೋಡ್ಕೋ," ಎಂದಳು. "ವರದಿ ನನ್ನದು."

ಹನ್ನೊಂದಕ್ಕೆ ಸಭಾಂಗಣ ತುಂಬಿತು. ನಿರ್ದೇಶಕರು ಬಂದರು, ದೀಪ ಬೆಳಗಿದ್ದಾಯಿತು. ಹೂಗುಚ್ಛವನ್ನು ಅವಳೇ ಕೊಟ್ಟಳು, ಅದಕ್ಕೇನೂ ಅವಳ ತಕರಾರಿರಲಿಲ್ಲ. ಬಾಗಿಲ ಬಳಿ ಖಾಕಿ ಸಮವಸ್ತ್ರದಲ್ಲಿ ಕಂಡಕ್ಟರು ನಿಂತಿದ್ದ, ಹೆಗಲಲ್ಲಿ ಟಿಕೆಟ್ ಚೀಲ. ಎರಡು ಟ್ರಿಪ್ಪಿನ ನಡುವೆ ಓಡಿ ಬಂದಿದ್ದನೆಂದು ಕಾಣುತ್ತದೆ. ನಿರೂಪಕಿ, "ಈಗ ವಾರ್ಷಿಕ ವರದಿ. ಸಂಘದ ಖಜಾಂಚಿಯವರಿಂದ," ಎಂದಳು.

ಖಜಾಂಚಿ ಅಲುಗಲಿಲ್ಲ. ಸಮಯ ತಿಳಿಸುವ ಹಿತ್ತಾಳೆಯ ಗಂಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು ಕೂತ. ಅವಳು ಎದ್ದಳು. ಅಧ್ಯಕ್ಷರ ಕುರ್ಚಿಯ ಹಿಂದಿನಿಂದ ದಾಟುವಾಗ ಅವರು ತಲೆ ತಿರುಗಿಸದೆ, "ಕೂತ್ಕೋ," ಎಂದು ಹಲ್ಲು ಕಚ್ಚಿ ಹೇಳಿದರು. ಅವಳು ಕೂರಲಿಲ್ಲ. ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.

"ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಸದಸ್ಯರೇ. ಈ ವರ್ಷ ನಮ್ಮ ಸಂಘ ಹದಿನಾಲ್ಕು ಕಡೆ ಪ್..."

ತುಟಿಗಳು ಮುಚ್ಚಿಕೊಂಡವು. ಕತ್ತಿನ ನರ ಬಿಗಿಯಿತು. ಮೈಕಿನಲ್ಲಿ ಏನೂ ಇಲ್ಲ, ಫ್ಯಾನಿನ ಸದ್ದು ಮಾತ್ರ. ಒಂದು ಸೆಕೆಂಡು, ಎರಡು, ಮೂರು. ಮುಂದಿನ ಸಾಲಿನಿಂದ ಯಾರೋ ಅಕ್ಕರೆಯಿಂದಲೇ, "ಪರೀಕ್ಷೆ," ಎಂದರು. ಇನ್ನೊಬ್ಬರು, "ಪ್ರದರ್ಶನ." ಹಿಂದಿನಿಂದ ಒಬ್ಬ, "ಪ್ರಚಾರ!" ಮುನ್ನೂರು ಜನ ಪರಿಣತರು. ದಿನಾ ತಂದೆತಾಯಿಗಳಿಗೆ 'ಮಗುವಿನ ಮಾತನ್ನು ನೀವು ಆಡಬೇಡಿ' ಎಂದು ಬೈದು ಬುದ್ಧಿ ಹೇಳುವವರು. ಸಂತೆಯಲ್ಲಿ ಹರಾಜು ಕೂಗುವವರಂತೆ ಒಬ್ಬರ ಮೇಲೊಬ್ಬರು ಪದ ಎಸೆಯುತ್ತಿದ್ದರು. ಎಸೆದ ಮೂರೂ ತಪ್ಪು.

ಅವಳು ತಲೆ ಎತ್ತಿದಳು. ಈಗ ಭಯವಿರಲಿಲ್ಲ, ಬರೀ ಸಿಟ್ಟು. ಆ ಸಿಟ್ಟು ಎಷ್ಟು ವರ್ಷಗಳದ್ದೆಂದು ಅವಳಿಗೇ ಗೊತ್ತಿರಲಿಲ್ಲ.

"ನಿಮ್ಮ ಚೀಲದಲ್ಲಿ ಒಂದು ಹಸಿರು ಕರಪ್... ಕರಪತ್ರ ಇದೆ," ಎಂದಳು. "ನಾವೇ ಅಚ್ಚು ಹಾಕಿಸಿದ್ದು. ದಯವಿಟ್ಟು ಎಲ್ಲರೂ ತೆಗೀರಿ. ಮೂರನೇ ಸಾಲು ಓದ್ಕೊಳ್ಳಿ. ಅಲ್ಲಿವರೆಗೆ ನಾನು ಕಾಯ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪದ ಎಸೆದವರೇ ಮೊದಲು ಚೀಲಕ್ಕೆ ಕೈ ಹಾಕಿದರು. ಆಮೇಲೆ ಸಭಾಂಗಣದ ತುಂಬ ಕಾಗದದ ಸರಪರ ಸದ್ದು. ನಿರ್ದೇಶಕರೂ ಕನ್ನಡಕ ಏರಿಸಿ ಓದಿದರು. ಅವಳು ನಿಜಕ್ಕೂ ಕಾದಳು, ಸದ್ದು ಪೂರ್ತಿ ನಿಲ್ಲುವವರೆಗೆ.

"ಹದಿನಾಲ್ಕು ಕಡೆ ಪ್... ಪ್... ಪೋಷಕರ ತರಬೇತಿ ನಡೆಸಿತು," ಎಂದು ಓದಿದಳು.

ಆ ನಂತರ ಯಾರೂ ಬಾಯಿ ತೆರೆಯಲಿಲ್ಲ. ಅವಳು ಪ್ರತಿ ಪದದಲ್ಲೂ ಸಿಕ್ಕಿಬಿದ್ದಳು ಎಂದಲ್ಲ. ಕೆಲವು ಸಾಲು ನೀರು ಹರಿದಂತೆ ಹೋಯಿತು, ಕೆಲವು ಕಡೆ ಗಾಡಿ ಹೂತುಕೊಂಡಿತು. ಹೂತುಕೊಂಡಲ್ಲಿ ಅವಳು ಇಳಿದು ಬೇರೆ ದಾರಿ ಹಿಡಿಯಲಿಲ್ಲ. ಶಾಲೆಗಳಲ್ಲಿ ಕಿವಿ ಪರೀಕ್ಷೆ ಮಾಡಿದ್ದು, ಓದದೆಯೇ ಬೋರ್ಡು ಹಾಕಿಕೊಂಡು ಕೂತ ನಕಲಿ ಚಿಕಿತ್ಸಕನ ಮೇಲೆ ದೂರು ಕೊಟ್ಟಿದ್ದು, ಹುಟ್ಟಿದ ಪ್ರತಿ ಕೂಸಿನ ಕಿವಿಯನ್ನೂ ನೋಡಬೇಕೆಂದು ಮನವಿ ಸಲ್ಲಿಸಿದ್ದು ಎಲ್ಲವನ್ನೂ ಓದಿದಳು. ಹತ್ತನೆಯ ನಿಮಿಷಕ್ಕೆ ಅಧ್ಯಕ್ಷರು ಖಜಾಂಚಿಯ ಕಡೆ ಬಾಗಿ, "ಗಂಟೆ ಹೊಡಿಯಯ್ಯಾ," ಎಂದರು. ಅವನು ಕಿವಿಗೆ ಅಂಗೈ ಆನಿಸಿ, ಏನೂ ಕೇಳಿಸುತ್ತಿಲ್ಲ ಎಂಬಂತೆ ತಲೆಯಾಡಿಸಿದ. ಊರಿನ ಕಿವಿಯನ್ನೆಲ್ಲ ಅಳೆಯುವವನು! ಅವರು ಇನ್ನೊಮ್ಮೆ ಹೇಳಿದರು. ಅವನು ಗಂಟೆಯ ಮೇಲೆ ಅಂಗೈ ಊರಿ ಕೂತ.

ಎರಡನೆಯ ಪುಟದ ನಡುವೆ ಕಂಡಕ್ಟರನ ವಿಷಯ ಬಂತು. ಹೆಸರು ಹೇಳದೆ, ಸ್ಟಾಪು ಕೂಗಲಾಗದೆ ಮುದುಕಿಯನ್ನು ದಾಟಿಸಿಬಿಟ್ಟವನ ಕಥೆ. ಅಷ್ಟನ್ನು ಓದಿ, ಕಾಗದದಲ್ಲಿ ಇಲ್ಲದ್ದೊಂದು ಮಾತನ್ನು ಸೇರಿಸಿದಳು. "ನಾನೂ ಅಂಥವಳೇ. ನಾನು ಕೂಗದೇ ಬಿಟ್ಟ ಸ್ಟಾಪುಗಳು ಎಷ್ಟೋ."

ಮೂರನೆಯ ಪುಟ ಪೂರ್ತಿ ಬೇಡಿಕೆಗಳದು. ಪ್ರತಿ ಆಸ್ಪತ್ರೆಗೂ, ಪ್ರತಿ ಶಾಲೆಗೂ, ಪ್ರತಿ ಪುನರ್ವಸತಿ ಕೇಂದ್ರಕ್ಕೂ ಎಂದು ಅವಳೇ ಬರೆದಿದ್ದಳು. ಬರೆಯುವಾಗ ಎಷ್ಟು ಶೂರತನವಿತ್ತೋ ಓದುವಾಗ ಅಷ್ಟೇ ಕಷ್ಟವಾಯಿತು. ಒಂದೊಂದು 'ಪ್ರತಿ'ಗೂ ಅವಳು ನಿಂತಳು. ಮುನ್ನೂರು ಜನ ಅವಳ ಜೊತೆ ನಿಂತರು. ಹದಿನೆಂಟು ನಿಮಿಷಕ್ಕೆ ವರದಿ ಮುಗಿಯಿತು. ಅವಳ ಕುಪ್ಪಸದ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಚಪ್ಪಾಳೆ ಬಿತ್ತು. ನಿರ್ದೇಶಕರು ಎದ್ದೂ ಹೋಗಲಿಲ್ಲ, ತಮ್ಮ ಭಾಷಣದಲ್ಲಿ ಹೊಗಳಲೂ ಇಲ್ಲ. ಹುದ್ದೆಗಳ ವಿಷಯವನ್ನು ಪರಿಶೀಲಿಸುತ್ತೇವೆ ಎಂದರು. ಕಳೆದ ವರ್ಷ ಹಿಂದಿನ ಕಾರ್ಯದರ್ಶಿ ನಿರರ್ಗಳವಾಗಿ ವರದಿ ಓದಿದಾಗಲೂ ಇಲಾಖೆಯವರು ಅದನ್ನೇ ಹೇಳಿದ್ದರು.

ಊಟಕ್ಕೆ ಜನ ಏಳುತ್ತಿದ್ದಂತೆ ಕಂಡಕ್ಟರು ಬಾಗಿಲ ಬಳಿಯಿಂದಲೇ ಕೈ ಬೀಸಿದ. "ಮೇಡಂ, ನಿಮ್ಮಿಂದ ನನ್ನ ಟ್ರಿಪ್ಪು ಲೇಟು!" ಎಂದ, ಮುಖವೆಲ್ಲ ನಗು. ಆಮೇಲೆ ಗುಂಪಿನ ಕಡೆ ತಿರುಗಿ, ಕಣ್ಣು ಮುಚ್ಚಿ, ದವಡೆ ಬಿಗಿದು, ಮತ್ತೆ ಬಿಗಿದು, ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದ. "ಗ್... ಗ್... ಗಡಿಯಾರ ಗೋಪುರ! ಯಾರಾದ್ರೂ ಇದ್ರೆ ಬನ್ನಿ!" ಯಾರೂ ಹೋಗಲಿಲ್ಲ, ಎಲ್ಲರಿಗೂ ಊಟ ಬೇಕಿತ್ತು. ಆದರೂ ಅವನು ಕೂಗುವವರೆಗೆ ಎಲ್ಲರೂ ಕಾದರು.

ಸಭಾಂಗಣ ಖಾಲಿಯಾಯಿತು. ಅವಳು ವೇದಿಕೆಯ ಮೇಜಿನ ಮೇಲಿದ್ದ ಕಾಗದಗಳನ್ನು ಕೂಡಿಸುತ್ತಿದ್ದಳು. ಸಮ್ಮೇಳನ ಮುಗಿದ ಮೇಲೆ ಎಲ್ಲವೂ ಕಡತಕ್ಕೆ ಹೋಗಬೇಕು, ಅದು ಕಾರ್ಯದರ್ಶಿಯ ಕೆಲಸ. ಅಧ್ಯಕ್ಷರ ಜಾಗದಲ್ಲಿ ವರದಿಯ ಅವರ ಪ್ರತಿ ಮಗುಚಿ ಬಿದ್ದಿತ್ತು. ತಿರುಗಿಸಿದಳು.

ಮೊದಲ ಪುಟದ ಅಂಚಿನ ಉದ್ದಕ್ಕೂ ಗೀಟುಗಳು. ನಾಲ್ಕು ಗೀಟು, ಅಡ್ಡಕ್ಕೊಂದು. ಅಂಥ ಒಂಬತ್ತು ಕಟ್ಟು. ಅವಳ ಕಿವಿ ಬಿಸಿಯಾಯಿತು. ಎರಡನೆಯ ಪುಟದಲ್ಲೂ ಎರಡು ಕಟ್ಟು, ಅದರ ಕೆಳಗೆ ಬಿಡಿಯಾಗಿ ಮೂರು ಗೀಟು. ಆ ಮೂರನೆಯದು ಬಸ್ಸಿನ ಮುದುಕಿಯ ಸಾಲಿನ ಪಕ್ಕದಲ್ಲಿತ್ತು, ಪೂರ್ತಿ ಎಳೆದಿರಲಿಲ್ಲ. ಮೂರನೆಯ ಪುಟಕ್ಕೆ ತಿರುವಿದಳು. ಅಲ್ಲಿ ಒಂದು ಗೀಟೂ ಇರಲಿಲ್ಲ.

"ಅದು ನನ್ನ ಪ್ರತಿ ಕಣಮ್ಮ. ಕೊಡು ಇಲ್ಲಿ."

ಅಧ್ಯಕ್ಷರು ಮೆಟ್ಟಿಲ ಬಳಿ ಕೈ ಚಾಚಿ ನಿಂತಿದ್ದರು. ಈ ಸಲ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಸರ್," ಎಂದಳು ಅವಳು. "ಇದು ಸಂಘದ ಕಡತಕ್ಕೆ ಸೇರ್... ಸೇರಬೇಕಾದ್ದು. ನಿಯಮದ ಪ್... ಪ್..."

ಅವರ ತುಟಿ ಅಲುಗಿತು. ಆಮೇಲೆ ಮುಚ್ಚಿಕೊಂಡಿತು. ಚಾಚಿದ ಕೈ ನಿಧಾನವಾಗಿ ಕೆಳಗಿಳಿಯಿತು.

"ಪುಸ್ತಕದಲ್ಲಿದೆ," ಎಂದು ಅವಳು ಮುಗಿಸಿದಳು. ಮೂರೂ ಹಾಳೆಗಳನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ, ತೂತು ಹೊಡೆಯುವ ಯಂತ್ರಕ್ಕೆ ಕೊಟ್ಟು ಒತ್ತಿದಳು. ದುಂಡನೆಯ ಬಿಳಿ ಚೂರುಗಳು ಒಂದೆರಡು ಮೇಜಿನ ಮೇಲೆ ಉರುಳಿ, ಹಿತ್ತಾಳೆಯ ಗಂಟೆಯ ಪಕ್ಕ ನಿಂತವು.