ಗ್ರಂಥ ಮುಟ್ಟದ ಕೈಗೆ ನೀರಿನ ಕೀಲಿ

"ದೇವರೇ ಇಲ್ಲ ಅನ್ನೋಳ ಕೈಗೆ ನೀರು ಒಪ್ಪಿಸಿದ್ರೆ, ಆ ನೀರಿಗೆ ಕಾವಲು ಯಾರು?"

ಮರಗೆಣಸಿನ ಹಿಟ್ಟು ತಿರುವುತ್ತಾ ಮಸಿಕಾ ಕೇಳಿದಳು. ಒಲೆಯ ಮುಂದೆ ಯಾರೂ ಇರಲಿಲ್ಲ.

ರುವೆಂಜೋರಿ ಬೆಟ್ಟದ ಬುಡದ ನಮ್ಮ ಹಳ್ಳಿಯಲ್ಲಿ ಮಣ್ಣು ಜರಿದು ನೀರಿನ ಕೊಳವೆ ಒಡೆದಿತ್ತು. ಹೊಳೆನೀರು ಕುಡಿದ ಮಸಿಕಾಳ ಮೊಮ್ಮಗಳು ಭೇದಿಯಿಂದ ಮಲಗಿದ್ದಳು. ಈಗ ಕೊಳವೆ ಜೋಡಿಸಿಯಾಗಿದೆ. ಮೇಲಿನ ತೊಟ್ಟಿಗೆ ಬೀಗವೂ ಬಿದ್ದಿದೆ. ಕೀಲಿ ಹಿಡಿಯುವವರು ಊರಿನೆದುರು ಮಾತು ಕೊಟ್ಟ ಮೇಲೆಯೇ ನೀರು. ತೊಟ್ಟಿಗೆ ಕ್ಲೋರಿನ್ ಬೆರೆಸುವುದನ್ನು ಕಲಿತು ಬಂದಿದ್ದವಳು ಶಾಲೆಯ ಇಥುಂಗು ಟೀಚರ್ ಒಬ್ಬಳೇ. ಅವಳು ಮಾನವತಾವಾದಿ. ದೇವರನ್ನು ನಂಬುವವಳಲ್ಲ.

ಮಾವಿನ ಮರದಡಿ ಸಭೆ ಕೂಡಿತು. ಪ್ರಾರ್ಥನೆ ಮುಗಿಯಿತು. ನೀರಿನ ಸಮಿತಿಯ ಅಧ್ಯಕ್ಷರು ಬೈಬಲ್ ಚಾಚಿದರು.

"ಮುಟ್ಟಿ ಪ್ರಮಾಣ ಮಾಡು ಟೀಚರ್. ಒಂದು ಉಸಿರಿನ ಕೆಲಸ."

ಇಥುಂಗು ಕೈ ಹಿಂದೆಗೆದಳು. "ನಂಬದೆ ಮುಟ್ಟಿದ್ರೆ ನಿಮ್ಮ ಗ್ರಂಥಕ್ಕೇ ಅವಮಾನ ಮಾಡಿದ ಹಾಗೆ. ನನ್ನ ಮಾನದ ಮೇಲೆ ಮಾತು ಕೊಡ್ತೀನಿ. ಕಾನೂನಿನಲ್ಲಿ ಅದಕ್ಕೂ ದಾರಿ ಇದೆ."

ಜನ ಗೊಣಗಿದರು. ಮಸಿಕಾ ಎದ್ದೇ ನಿಂತಳು.

"ದೇವರ ಭಯ ಇಲ್ಲದೋಳನ್ನ ತಪ್ಪು ಮಾಡದ ಹಾಗೆ ತಡೆಯೋದು ಯಾವುದಮ್ಮ?"

"ನಿನ್ನ ಮೊಮ್ಮಗಳು ತಡೀತಾಳೆ ಅಕ್ಕ. ನನ್ನ ಮಗ ತಡೀತಾನೆ. ಇಬ್ಬರೂ ಕುಡಿಯೋದು ಅದೇ ನೀರು ತಾನೆ?"

ಮಸಿಕಾ ಬಿಡಲಿಲ್ಲ. "ಮತ್ತೆ ಪ್ರಾರ್ಥನೆ ಹೊತ್ತಲ್ಲಿ ಕಣ್ಣು ಬಿಟ್ಕೊಂಡು ಕಂಬದ ಹಾಗೆ ನಿಂತಿದ್ದೆಯಲ್ಲ!"

"ನೀನೂ ಬಿಟ್ಕೊಂಡಿದ್ದೆ ಮಾರಾಯ್ತಿ. ಇಲ್ಲದಿದ್ರೆ ನಿನಗೆ ಹೇಗೆ ಕಾಣಿಸ್ತು?" ಅಂದದ್ದು ಮಸಿಕಾಳ ಗಂಡ ಥೆಂಬೊ.

ಸಭೆಗೆ ಸಭೆಯೇ ನಕ್ಕಿತು. ಮಸಿಕಾಳಿಗೂ ನಗು ತಡೆಯಲಾಗಲಿಲ್ಲ.

ಥೆಂಬೊ ನಗಲಿಲ್ಲ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಓದುವವನು ಅವನೇ. "ಸುಳ್ಳಾಗಿ ಮುಟ್ಟೋ ಕೈಗಿಂತ ನಿಜವಾಗಿ ದೂರ ನಿಲ್ಲೋ ಕೈ ವಾಸಿ," ಅಂದ. "ನಾವು ಪ್ರಾರ್ಥಿಸುವಾಗ ಈಕೆ ಗಲಾಟೆ ಮಾಡ್ಲಿಲ್ಲ, ನಗಲಿಲ್ಲ, ಎದ್ದು ಹೋಗ್ಲಿಲ್ಲ. ಅದು ನಮಗೆ ಕೊಟ್ಟ ಮರ್ಯಾದೆ. ಈಗ ಆಕೆ ಮಾತಿಗೆ ನಾವು ಮರ್ಯಾದೆ ಕೊಡೋಣ."

ಆಮೇಲೆ ಮಸಿಕಾ, "ಕೊಡ್ಲಿ ಬಿಡಿ. ಮಗು ಬಾಯಾರಿ ಮಲಗಿದೆ," ಅಂದಳು.

ಇಥುಂಗು ಬಲಗೈ ಎತ್ತಿ ಮಾತು ಕೊಟ್ಟಳು. ಅಧ್ಯಕ್ಷರು ಕೀಲಿ ಕೊಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಸಭೆಗೂ ನಂಬುವವರು ಬರುತ್ತಾರೆ, ನಂಬದವರೂ ಬರುತ್ತಾರೆ. ನೀರು, ಶಾಲೆ, ರಸ್ತೆ ಎಲ್ಲರದು. ಯಾರಿಂದಲೂ ಬಲವಂತದ ಪ್ರಮಾಣ ಮಾಡಿಸಬೇಡಿ. ಯಾರ ಪ್ರಾರ್ಥನೆಯನ್ನೂ ಹೀಯಾಳಿಸಬೇಡಿ. ಕೊಟ್ಟ ಮಾತು ನಡೆಸುತ್ತಾರೋ ಇಲ್ಲವೋ, ಅದನ್ನು ನೋಡಿ. ಮರ್ಯಾದೆ ಒಂದೇ ದಿಕ್ಕಿಗೆ ಹರಿದರೆ ಸಾಲದು. ಅದಕ್ಕೇ ಮುಂದೆ ನಡೆದದ್ದನ್ನೂ ಹೇಳಬೇಕು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸಾಲು ನಿಂತಿತ್ತು. ನೀರು ಬಿಡುವ ಮುಂಚೆ ಥೆಂಬೊ ಟೋಪಿ ತೆಗೆದು ಕೀರ್ತನೆ ಶುರು ಮಾಡಿದ. ಹೆಂಗಸರು ದನಿಗೂಡಿಸಿದರು. ಇಥುಂಗುವಿನ ಜೊತೆ ಪಾಠ ಹೇಳುವ ಬ್ವಂಬಾಲೆ, ಅವಳ ಹಾಗೆಯೇ ನಂಬದವನು, ಅವಳ ಕಿವಿಯ ಹತ್ತಿರ ಬಾಗಿದ.

"ಕೀಲಿ ಈಗ ನಿನ್ನ ಕೈಲಿದೆ. ಈ ಭಜನೆ ನಿಲ್ಲಿಸು ಅಂತ ಹೇಳು."

"ಹೇಳಲ್ಲ," ಅಂದಳು ಇಥುಂಗು. "ಮುಗಿಯೋ ತನಕ ಕ್ಯಾನ್ ಹಿಡ್ಕೊಂಡು ಸುಮ್ಮನೆ ನಿಂತ್ಕೋ."